ಕಲಿಸುವ ಮಾಡೆಲಿಂಗ್ ಟೂಲ್ ತಪ್ಪು ಚಿತ್ರವನ್ನು ತಡೆಯಬೇಕಾ, ಬಿಡಬೇಕಾ?

ಪ್ರಶ್ನೆ

ಎರಡನೇ ವರ್ಷದವರಿಗೆ ಸಾಫ್ಟ್‌ವೇರ್ ಡಿಸೈನ್ ಪಾಠ ಮಾಡುತ್ತೇನೆ. ಯುಎಂಎಲ್ (ಸಾಫ್ಟ್‌ವೇರ್‌ನ ರಚನೆಯನ್ನು ಚಿತ್ರಗಳಲ್ಲಿ ತೋರಿಸುವ ಪದ್ಧತಿ) ಕಲಿಸಲು ಬ್ರೌಸರ್‌ನಲ್ಲೇ ನಡೆಯುವ ಒಂದು ಚಿಕ್ಕ ಟೂಲ್ ಬರೆಯುತ್ತಿದ್ದೇನೆ. ಕಂಪನಿಗಳಿಗೆಂದು ಮಾಡಿದ ಟೂಲ್ ತೆರೆದರೆ ಮೆನು ನೋಡಿಯೇ ಮಕ್ಕಳು ಕಂಗಾಲಾಗುತ್ತಾರೆ. ಯುಎಂಎಲ್ 2ರಲ್ಲಿ 14 ಬಗೆಯ ಡಯಾಗ್ರಾಂ ಇವೆ. ನಾನು ಕ್ಲಾಸ್, ಸೀಕ್ವೆನ್ಸ್, ಸ್ಟೇಟ್ ಮೂರನ್ನೇ ಇಟ್ಟುಕೊಂಡಿದ್ದೇನೆ. ಗೊಂದಲ ಇರುವುದು ಬೇರೆ ಕಡೆ. ಇನ್‌ಹೆರಿಟೆನ್ಸ್ (ಒಂದು ಕ್ಲಾಸ್, ಅಂದರೆ ಒಂದು ಬಗೆಯ ವಸ್ತುವಿನ ನಮೂನೆ, ಇನ್ನೊಂದರ ಗುಣಗಳನ್ನು ಪಡೆಯುವ ಸಂಬಂಧ) ಸುತ್ತು ಹೊಡೆದು ಮೊದಲ ಕ್ಲಾಸ್‌ಗೇ ಬಂದು ಸೇರಿದರೆ, ಟೂಲ್ ಆ ಗೆರೆ ಎಳೆಯಲು ಬಿಡಬೇಕಾ?

ಉತ್ತರ 1

ಬಿಡಬಾರದು. ಜಾವಾ ಕಂಪೈಲರ್ ಇದನ್ನು ಒಪ್ಪುತ್ತಾ? ಮೊದಲ ದಿನದಿಂದಲೇ ನಿಯಮ ಅಭ್ಯಾಸವಾಗಲಿ.

ಉತ್ತರ 2

ನಾನಾದರೆ ಬಿಡುತ್ತೇನೆ ಮೇಡಂ. ಗೆರೆ ಕೆಂಪಾಗಲಿ, ಪಕ್ಕದಲ್ಲಿ ಕಾರಣ ಇರಲಿ, ಅಷ್ಟು ಸಾಕು. ಯೋಚನೆ ಅರ್ಧದಲ್ಲಿರುವಾಗ ಚಿತ್ರವೂ ಅರ್ಧವೇ ಇರುತ್ತದೆ, ಅಲ್ವಾ? ಇದೇ ಕಾರಣಕ್ಕೆ, ಗೆರೆ ಎಳೆದ ಕೂಡಲೇ ಮಲ್ಟಿಪ್ಲಿಸಿಟಿ (ಆ ತುದಿಯಲ್ಲಿ ಎಷ್ಟು ಇರಬಹುದು ಅನ್ನುವ ಸಂಖ್ಯೆ) ಕೇಳುವ ಡಬ್ಬಿ ತೆರೆಯಬೇಡಿ. ಸಂಬಂಧ ಇದೆ ಅಂತ ಹುಡುಗಿಗೆ ಗೊತ್ತು, ಎಷ್ಟು ಅಂತ ಇನ್ನೂ ಗೊತ್ತಿಲ್ಲ. ಟೂಲ್ ತಾನಾಗಿ 1 ತುಂಬಿಬಿಟ್ಟರೆ ಆಕೆ ಅದನ್ನು ಮತ್ತೆ ತಿರುಗಿ ನೋಡುವುದೇ ಇಲ್ಲ. ಅಲ್ಲಿ ಒಂದು ಪ್ರಶ್ನೆ ಚಿಹ್ನೆ ನಿಲ್ಲಲಿ.

ನಿಯಮ ಮುರಿಯುವ ತಪ್ಪು ಸಣ್ಣದು. ನಿಯಮದ ಪ್ರಕಾರ ಸರಿಯಿದ್ದೂ ಅರ್ಥದಲ್ಲಿ ಕೆಡುವ ಚಿತ್ರಗಳೇ ಜಾಸ್ತಿ. ಗ್ರಂಥಾಲಯದ ಉದಾಹರಣೆ ತೆಗೆದುಕೊಳ್ಳಿ. 'ಸದಸ್ಯ', 'ಪ್ರತಿ' (ಪುಸ್ತಕದ ಒಂದು ಪ್ರತಿ) ಅಂತ ಎರಡು ಕ್ಲಾಸ್, ನಡುವಿನ ಗೆರೆಗೆ ಎರಡೂ ತುದಿಯಲ್ಲಿ *, ಅಂದರೆ 'ಎಷ್ಟಾದರೂ'. ಯಾವ ಚೆಕ್ಕರ್ ಕೂಡ ತಕರಾರು ಮಾಡುವುದಿಲ್ಲ. ಈಗ ಟೂಲ್ ಅದೇ ಮಾಡೆಲ್‌ನಿಂದ ಎರಡು ಮೂರು ಆಬ್ಜೆಕ್ಟ್ (ಆ ಕ್ಲಾಸ್‌ಗಳ ಒಂದೊಂದು ಉದಾಹರಣೆ) ಹುಟ್ಟಿಸಿ, ಒಂದೇ ಪ್ರತಿ ಇಬ್ಬರ ಕೈಯಲ್ಲಿರುವ ಸ್ಥಿತಿಯನ್ನು ತೋರಿಸಿ 'ಇದು ಆಗಬಹುದಾ?' ಅಂತ ಕೇಳಲಿ. ಆಗ ಶುರುವಾಗುತ್ತದೆ ನಿಜವಾದ ಚರ್ಚೆ: ಈ ಗೆರೆ ಈಗಿನ ಎರವಲೋ, ಹಿಂದಿನದೆಲ್ಲ ಸೇರಿದ ದಾಖಲೆಯೋ? 'ಎರವಲು' ಅನ್ನುವ ಮೂರನೇ ಕ್ಲಾಸ್ ಬೇಕು ಅಂತ ಅವರೇ ಕಂಡುಕೊಳ್ಳುತ್ತಾರೆ.

ಅಲಾಯ್ ಅನ್ನುವ ಮಾಡೆಲ್ ಪರೀಕ್ಷಿಸುವ ಟೂಲ್ ಹೀಗೇ ಮಾಡೆಲ್‌ಗೆ ಹೊಂದುವ ಪುಟ್ಟ ಉದಾಹರಣೆಗಳನ್ನು ಹುಡುಕಿ ಕೊಡುತ್ತದೆ. ಜಾವಾ ಕಲಿಯುವವರಿಗೆಂದು ಮಾಡಿದ ಬ್ಲೂಜೆ ಟೂಲ್‌ನಲ್ಲಿ ಕ್ಲಾಸ್ ಮೇಲೆ ರೈಟ್ ಕ್ಲಿಕ್ ಮಾಡಿ ಆಬ್ಜೆಕ್ಟ್ ಹುಟ್ಟಿಸಬಹುದು. ಎರಡನ್ನೂ ಒಮ್ಮೆ ಬಳಸಿ ನೋಡಿ.

ಇನ್ನೊಂದು ಮಾತು. ಅಗ್ರಿಗೇಶನ್‌ನ (ಒಂದು ಇನ್ನೊಂದರ ಭಾಗ ಅನ್ನುವ ಸಡಿಲ ಸಂಬಂಧ) ಖಾಲಿ ವಜ್ರದ ಗುರುತನ್ನು ಪ್ಯಾಲೆಟ್‌ನಿಂದಲೇ ತೆಗೆದುಬಿಡಿ. ಅದರ ಖಚಿತ ಅರ್ಥವನ್ನು ಯುಎಂಎಲ್ ಸ್ಪೆಸಿಫಿಕೇಶನ್ನೇ ಬಳಸುವವರಿಗೆ ಬಿಟ್ಟಿದೆ. ಅದರ ಮೇಲೆ ಒಂದು ಇಡೀ ಪಾಠದ ಅವಧಿ ಕಳೆಯುವುದು ನನಗೆ ಸಂಕಟದ ವಿಷಯ.

ಪ್ರಶ್ನೆ ಕೇಳಿದವರು

ಪ್ರಶ್ನೆ ಚಿಹ್ನೆ ಇವತ್ತೇ ಸೇರಿಸುತ್ತೇನೆ. ಆದರೆ ಅಂಕ ಹೇಗೆ ಕೊಡುವುದು? ಒಬ್ಬೊಬ್ಬರ ಚಿತ್ರ ಒಂದೊಂದು ಥರ ಇರುತ್ತದೆ.

ಉತ್ತರ 2

ಮಾದರಿ ಉತ್ತರದ ಜೊತೆ ಹೋಲಿಸಬೇಡಿ. ಕೆಲವು ಸನ್ನಿವೇಶ ಕೊಡಿ: 'ಒಬ್ಬ ಸದಸ್ಯ ಪ್ರತಿ ವಾಪಸ್ ಕೊಟ್ಟು ಮತ್ತೆ ಅದನ್ನೇ ಒಯ್ದ.' ತಮ್ಮದೇ ಕ್ಲಾಸ್‌ಗಳ ಆಬ್ಜೆಕ್ಟ್ ಇಟ್ಟು ಅವರು ಅದನ್ನು ಕಟ್ಟಿ ತೋರಿಸಲಿ. ಆಗಬಾರದ ಸನ್ನಿವೇಶಗಳನ್ನೂ ಕೊಡಿ. ಅವನ್ನು ಕಟ್ಟಲು ಹೋದಾಗ ಮಾಡೆಲ್ ಅಡ್ಡ ಬರುತ್ತದೋ ಇಲ್ಲವೋ ಅನ್ನುವುದನ್ನು ಟೂಲ್ ನೋಡಿಕೊಳ್ಳುತ್ತದೆ. ಕ್ಲಾಸ್‌ಗಳ ಹೆಸರು ಏನೇ ಇದ್ದರೂ ನಡೆಯುತ್ತದೆ.