ಹಳೇ ಜಾವಾ, ಯೆಜ್ಡಿ ಬೈಕುಗಳ ಆನ್‌ಲೈನ್ ಹರಾಜು: ಮೇಷ್ಟ್ರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸಂಜೆ 6ರಿಂದ 9ರವರೆಗೆ ಜಾವಾ ಮೇಷ್ಟ್ರು ಗ್ರೂಪಿನಲ್ಲಿರ್ತಾರೆ. ಮೈಸೂರಿನ ಹಳೇ ಗಾಡಿಗಳ ರಿಪೇರಿ, ಬೆಲೆ ಕಟ್ಟೋದು ಅವರ ಕಸುಬು. ಮಾರಾಟದ ವಿಷಯ ಮಾತ್ರ ಕೇಳಿ.

ಹಾಸನ ರೋಡ್‌ಕಿಂಗ್: ನಮಸ್ಕಾರ ಮೇಷ್ಟ್ರೇ. 1984ರ ಯೆಜ್ಡಿ ರೋಡ್‌ಕಿಂಗ್ ಇದೆ, ರನ್ನಿಂಗ್ ಕಂಡೀಷನ್. ಎಷ್ಟಕ್ಕೆ ಹೋಗಬಹುದು?

ಜಾವಾ ಮೇಷ್ಟ್ರು: ನಮಸ್ಕಾರ. ಆರ್‌ಸಿ ಚಾಲ್ತಿಯಲ್ಲಿದೆಯಾ? ಇಂಜಿನ್ ನಂಬರು, ಚಾಸಿಸ್ ನಂಬರು ಎರಡೂ ಆರ್‌ಸಿಗೆ ಸರಿಹೋಗುತ್ತಾ? ಇವೆರಡು ಗೊತ್ತಿಲ್ಲದೆ ಬೆಲೆ ಹೇಳೋದು ತಪ್ಪಾಗುತ್ತೆ.

ತುಮಕೂರು ಹುಡುಗ: ಸರ್, ನಮ್ಮ ತಾತನ 1969ರ ಜಾವಾ ಕೊಟ್ಟಿಗೆಯಲ್ಲಿ 20 ವರ್ಷದಿಂದ ನಿಂತಿದೆ. ತಾತ 2011ರಲ್ಲಿ ತೀರಿಕೊಂಡ್ರು, ಆರ್‌ಸಿ ಪುಸ್ತಕ ಅವರ ಹೆಸರಲ್ಲೇ ಇದೆ. ಕಿಕ್ಕರ್ ಇಳಿಯುತ್ತಿಲ್ಲ, ಟ್ಯಾಂಕ್ ಒಳಗೆ ತುಕ್ಕು. ಹರಾಜಿಗೆ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ಪುಣೆಯವರೊಬ್ಬರು ಫೋನ್ ಮಾಡಿ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ತಾತನ ಸಹಿ ನೀವೇ ಹಾಕಿಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ್ರು. ಕೊಡಬಹುದಾ? ಟಾಯ್ಲೆಟ್ ಕ್ಲೀನರ್ ಹಾಕಿದ್ರೆ ತುಕ್ಕು ಹೋಗುತ್ತೆ ಅಂತ ಒಂದು ಮೆಸೇಜ್ ಬಂದಿದೆ, ನಾಳೆ ಬೆಳಿಗ್ಗೆ ಮಾಡೋಣ ಅಂತ.

ಜಾವಾ ಮೇಷ್ಟ್ರು: ನಾಳೆ ಬೆಳಿಗ್ಗೆ ಏನೂ ಮಾಡಬೇಡಿ, ಪೂರ್ತಿ ಓದಿ.

ಮೊದಲು ಸಹಿ. ತೀರಿಕೊಂಡವರ ಸಹಿ ಹಾಕೋದು ಫೋರ್ಜರಿ. ಸಿಕ್ಕಿಬೀಳೋರು ನೀವು, ಪುಣೆಯವರಲ್ಲ. ಅವರು ಗಾಡಿ ತಗೊಂಡು ಹೆಸರು ಬದಲಾಯಿಸದೆ ಓಡಿಸಿ ಅಪಘಾತವಾದ್ರೆ, ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರೋ ಮಾಲೀಕನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆ ಕೇಸು ಸುತ್ತಿ ನಿಮ್ಮ ಮನೆಗೇ ಬರುತ್ತೆ.

ಸರಿಯಾದ ದಾರಿ ಫಾರಂ 31, ಮಾಲೀಕ ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸೋದು. ಸಾವಾದ ಮೂರು ತಿಂಗಳೊಳಗೆ ಆಗಬೇಕಿತ್ತು, ತಡವಾಗಿದೆ, ದಂಡ ಕಟ್ಟಬೇಕಾಗುತ್ತೆ. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ತಗೊಳ್ಳಿ. ನಿಮ್ಮ ಅತ್ತೆಯಂದಿರಿದ್ರೆ ಅವರ ಸಹಿಯೂ ಬೇಕು, ಹರಾಜು ಮುಗಿದ ಮೇಲೆ ತಕರಾರು ಬರೋದು ಅಲ್ಲಿಂದಲೇ.

ಅದಕ್ಕೂ ಮೊದಲು ಸಾರಿಗೆ ಇಲಾಖೆಯ ವೆಬ್‌ಸೈಟ್ ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಹಳೇ ಪುಸ್ತಕದ ಗಾಡಿ ಎಷ್ಟೋ ಸಲ ಅಲ್ಲಿರಲ್ಲ. ಇಲ್ಲದಿದ್ರೆ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೇ ದಾಖಲೆಯನ್ನ ಕಂಪ್ಯೂಟರಿಗೆ ಸೇರಿಸೋದು, ಮಾಡಿಸಿ. ಅದಾಗದೆ ಮುಂದಿನ ಯಾವ ಅರ್ಜಿಯೂ ನಡೆಯಲ್ಲ. ಹ್ಯಾಂಡಲ್ ಕೆಳಗಿನ ಕಾಲರ್ ಹತ್ತಿರದ ಚಾಸಿಸ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಅಕ್ಷರ ಕಾಣ್ತಿಲ್ಲ ಅಂತ ಎಮರಿ ಕಾಗದದಲ್ಲಿ ತಿಕ್ಕಬೇಡಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ತಿಕ್ಕಿದ ನಂಬರ್ ನೋಡಿದ ಖರೀದಿದಾರ ಅಲ್ಲೇ ಹಿಂದೆ ಸರೀತಾನೆ.

1969 ಅಂದ್ರೆ ಎಂವೈ ಸರಣಿಯ ನಂಬರ್, ಮೈಸೂರು ರಾಜ್ಯದ ಕಾಲದ್ದು. ಹರಾಜಿನಲ್ಲಿ ಅದಕ್ಕೇ ಬೆಲೆ ಏರುತ್ತೆ. 50 ವರ್ಷ ದಾಟಿರೋದ್ರಿಂದ 2021ರ ವಿಂಟೇಜ್ (ಹಳೇ ಗಾಡಿಗಳ) ನಿಯಮದಲ್ಲೂ ನೋಂದಾಯಿಸಬಹುದು. ಈಗಾಗಲೇ ನೋಂದಣಿ ಇರೋ ಗಾಡಿಗೆ ಹಳೇ ನಂಬರ್ ಉಳಿಯುತ್ತೆ, ಆದ್ರೆ ಆಮೇಲೆ ದಿನನಿತ್ಯ ಓಡಿಸೋ ಹಾಗಿಲ್ಲ. ಓಡಿಸೋರಿಗೆ ಮಾರೋದಾದ್ರೆ ಫಾರಂ 25ರಲ್ಲಿ ಆರ್‌ಸಿಯನ್ನ ಐದು ವರ್ಷಕ್ಕೆ ನವೀಕರಿಸಿ. ಅದಕ್ಕೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು.

ಇನ್ನು ಇಂಜಿನ್. ಕಿಕ್ಕರನ್ನ ಬಲವಾಗಿ ತುಳಿದ್ರೆ ಒಳಗಿನ ಹಲ್ಲು ಮುರಿಯುತ್ತೆ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ಅನ್ನೋದು ಮರೀಬೇಡಿ. ಪ್ಲಗ್ ಬಿಚ್ಚಿ 40 ಎಂಎಲ್ ತುಕ್ಕು ಬಿಡಿಸೋ ಎಣ್ಣೆ ಹಾಕಿ ನಾಲ್ಕೈದು ದಿನ ಬಿಡಿ. ಆಮೇಲೆ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನ ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಬಿಡದಿದ್ರೆ ಹೆಡ್ ಬಿಚ್ಚಿ. ಬಿಟ್ಟರೂ ಕ್ರ್ಯಾಂಕ್ ಸೀಲ್ (ಇಂಜಿನ್ ಒಳಗಿನ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಬಳೆ) ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ. 20 ವರ್ಷ ನಿಂತ ರಬ್ಬರ್ ಗಟ್ಟಿಯಾಗಿರುತ್ತೆ. ಡೈನಮೋ ಕಡೆ ಸೀಲ್ ಹೋದ್ರೆ ಗಾಳಿ ಎಳೆದು ಪಿಸ್ಟನ್ ಜಾಮ್ ಆಗುತ್ತೆ, ಕ್ಲಚ್ ಕಡೆ ಹೋದ್ರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ.

ಟಾಯ್ಲೆಟ್ ಕ್ಲೀನರ್‌ನಲ್ಲಿರೋದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತೆ, ಕೆಳಗಿನ ಜಾಯಿಂಟ್ ಸೂಜಿಮೊನೆಯಷ್ಟು ತೂತಾಗಿ ಸೋರುತ್ತೆ, ಕ್ರೋಮ್ ಹಾಳು. ಇಂಥ ಮೆಸೇಜ್ ಕಳಿಸೋರು ಆ ಟ್ಯಾಂಕ್ ಮತ್ತೆ ಕೊಡಿಸ್ತಾರಾ? ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), 12 ಗಂಟೆ. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಕ್ಷಣ 100 ಎಂಎಲ್ 2ಟಿ (ಟೂ ಸ್ಟ್ರೋಕ್ ಇಂಜಿನ್) ಆಯಿಲ್ ಒಳಗೆಲ್ಲ ಆಡಿಸಿ.

ಬೆಳಗಾವಿ 250: ಇಷ್ಟೆಲ್ಲ ಯಾಕ್ರೀ? ಪೇಂಟ್, ಕ್ರೋಮ್ ಹೊಸದು ಮಾಡಿಸಿ ಹಾಕ್ರಿ, ಡಬಲ್ ರೊಕ್ಕ ಬರ್ತದ.

ಒರಿಜಿನಲ್ ಪೇಂಟ್: ತಪ್ಪು ಸಲಹೆ. ಫ್ಯಾಕ್ಟರಿ ಬಣ್ಣ ಒಂದೇ ಸಲ ಬರೋದು. ಹೊಸ ಪೇಂಟ್ ಅಡಿಯಲ್ಲಿ ಎಷ್ಟು ಪುಟ್ಟಿ ಇದೆ ಅಂತ ಫೋಟೊದಲ್ಲಿ ಯಾರು ಕಾಣ್ತಾರೆ?

ಬೆಳಗಾವಿ 250: ತುಕ್ಕು ಹಿಡಿದ ಗಾಡಿಗೆ ಲೈಕ್ ಬರ್ತಾವ, ರೊಕ್ಕ ಬರಂಗಿಲ್ಲ.

ಹಾಸನ ರೋಡ್‌ಕಿಂಗ್: ಮೇಷ್ಟ್ರೇ, ಆರ್‌ಸಿ ಇದೆ. ರೇಟು?

ಜಾವಾ ಮೇಷ್ಟ್ರು: ಇದೆ ಅಲ್ಲ, ಚಾಲ್ತಿಯಲ್ಲಿದೆಯಾ ಅಂತ ಕೇಳಿದ್ದು.

ಮಂಡ್ಯ ಜಾವಾ: ನನ್ನದು 1978ರ ಜಾವಾ, ಫೋಟೊ ಹಾಕಿದ್ದೀನಿ. ಹರಾಜಲ್ಲಿ ಒಬ್ಬ ಇದು ನಕಲಿ ಅಂತ ಕಾಮೆಂಟ್ ಹಾಕವ್ನೆ. ಆರ್‌ಸಿಯಲ್ಲಿ ಐಡಿಯಲ್ ಜಾವಾ ಅಂತಾನೇ ಇದೆ!

ಜಾವಾ ಮೇಷ್ಟ್ರು: ಐಡಿಯಲ್ ಜಾವಾ ಕಂಪನಿಯ ಹೆಸರು. 1996ರಲ್ಲಿ ಮುಚ್ಚೋವರೆಗೂ ಯೆಜ್ಡಿ ಮಾಡಿದ್ದೂ ಅದೇ ಕಂಪನಿ. 78ರಲ್ಲಿ ಅಲ್ಲಿಂದ ಬರ್ತಿದ್ದದ್ದು ಯೆಜ್ಡಿ. ನಿಮ್ಮದು ಯೆಜ್ಡಿಗೆ ಜಾವಾ ಟ್ಯಾಂಕು, ಬ್ಯಾಡ್ಜ್ ಹಾಕಿರೋದು. ಹಾಗಂತ ಬರೆದೇ ಮಾರಿ. ಜಾವಾ ಅಂತ ಮಾರಿದ್ರೆ ಹಣ ವಾಪಸ್ ಕೇಳ್ತಾರೆ, ಕೇಳೋದು ನ್ಯಾಯ.

ಮಂಡ್ಯ ಜಾವಾ: ನಾನು ತಗೊಂಡಾಗ ಜಾವಾ ಅಂತಲೇ ಕೊಟ್ಟಿದ್ದು. ನನಗೆ ಕಳ್ಳ ಪಟ್ಟ ಕಟ್ಟಬೇಡಿ.

ಒರಿಜಿನಲ್ ಪೇಂಟ್: ಈಗ ಗೊತ್ತಾಯ್ತಲ್ಲ, ಲಿಸ್ಟಿಂಗ್ ತಿದ್ದಿ.

ಮಂಡ್ಯ ಜಾವಾ: ನಿಮ್ಮನ್ನ ಕೇಳಿಲ್ಲ.

ಬೆಂಗಳೂರು ಕ್ಲಾಸಿಕ್: ರಿಸರ್ವ್ ಬೆಲೆ (ನಾವು ಇಟ್ಟ ಕನಿಷ್ಠ ಬೆಲೆ) ಮುಟ್ಟೋವರೆಗೂ ಸ್ನೇಹಿತನ ಕೈಲಿ ಬಿಡ್ ಹಾಕಿಸಬಹುದಾ?

ಜಾವಾ ಮೇಷ್ಟ್ರು: ಬೇಡ. ಅದು ಮೋಸ. ಹರಾಜಿನ ಖಾತೆ ಹೋಗುತ್ತೆ.

ಶಿವಮೊಗ್ಗ ಸಿಎಲ್2: ನನ್ನ ಗಾಡಿಯ ಹರಾಜು ಗೆದ್ದವರು ಮಿಲಿಟರಿಯವರಂತೆ, ಗಾಡಿ ನೋಡಲ್ವಂತೆ. ಕ್ಯೂಆರ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿದ್ರೆ ಅಡ್ವಾನ್ಸ್ ಬರುತ್ತಂತೆ.

ಜಾವಾ ಮೇಷ್ಟ್ರು: ಸ್ಕ್ಯಾನ್ ಮಾಡಬೇಡಿ! ಹಣ ಪಡೆಯೋಕೆ ಸ್ಕ್ಯಾನ್ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದ್ರೆ ಹೋಗೋದು ನಿಮ್ಮ ದುಡ್ಡು. ಬ್ಲಾಕ್ ಮಾಡಿ. ಎಲ್ಲರಿಗೂ ಹೇಳ್ತೀನಿ: ಹಣ ಖಾತೆಗೆ ಬಂದಿದ್ದನ್ನ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ, ಸ್ಕ್ರೀನ್‌ಶಾಟ್ ನಂಬಬೇಡಿ. 2 ಲಕ್ಷ ಅಥವಾ ಮೇಲೆ ನಗದು ತಗೊಳ್ಳೋ ಹಾಗಿಲ್ಲ. ಮಾರಿದ 14 ದಿನದೊಳಗೆ ನೀವೇ ಆರ್‌ಟಿಒಗೆ ಫಾರಂ 29ರಲ್ಲಿ ತಿಳಿಸಿ, ಖರೀದಿದಾರನ ಮೇಲೆ ಬಿಡಬೇಡಿ. ಬೇರೆ ರಾಜ್ಯಕ್ಕೆ ಹೋಗೋದಾದ್ರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು.

ಕೋಲಾರ ಟೂ ಸ್ಟ್ರೋಕ್: ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿ ವಿಡಿಯೊ ಮಾಡಬಹುದಾ?

ಹುಬ್ಬಳ್ಳಿ ಮೊನಾರ್ಕ್: ವಿಡಿಯೊ ಹೆಂಗ್ ಮಾಡೋದ್ರಿ ಸರ್?

ಜಾವಾ ಮೇಷ್ಟ್ರು: ಒಂದೇ ಟೇಕ್, ಎಲ್ಲೂ ಕಟ್ ಬೇಡ. ಮೊದಲು ಸಿಲಿಂಡರ್ ರೆಕ್ಕೆಗಳ ಮೇಲೆ ಬರಿಗೈ ಇಟ್ಟು ತಣ್ಣಗಿದೆ ಅಂತ ತೋರಿಸಿ, ಆಮೇಲೆ ಕಿಕ್. ಎರಡೂ ಸೈಲೆನ್ಸರ್ ಹೊಗೆ ಕಾಣಬೇಕು, ಲೈಟು ಉರೀಬೇಕು. ಹಿಂದೆ ಹಾಡು ಹಾಕಬೇಡಿ, ಇಂಜಿನ್ ಸದ್ದು ಕೇಳಬೇಕು.

ಬೆಳಗಾವಿ 250: ಡೀಸೆಲ್ ಹಾಕಿ ಹತ್ತು ಸಲ ತುಳಿದ್ರ ಜಾಮ್ ಬಿಡ್ತದ ಅಂತ ಇನ್ನೊಂದು ಗ್ರೂಪ್‌ನ್ಯಾಗ ಬಂದದ, ಫಾರ್ವರ್ಡ್ ಮಾಡ್ತೀನಿ.

ಜಾವಾ ಮೇಷ್ಟ್ರು: ಮಾಡಬೇಡಿ. ಹಲ್ಲು ಮುರಿಯುತ್ತೆ ಅಂತ ಮೇಲೆ ಬರೆದಿದ್ದೀನಿ.

ಬೆಳಗಾವಿ 250: ನೀವು ಹೇಳಿದ್ದಷ್ಟೇ ಖರೇ ಏನು?

ಅಡ್ಮಿನ್: ಬೆಳಗಾವಿಯವರೇ, ಸಾಕು.

ಹಾಸನ ರೋಡ್‌ಕಿಂಗ್: ಆರ್‌ಸಿ 2014ಕ್ಕೆ ಮುಗಿದಿದೆ. ಈಗಲಾದ್ರೂ ರೇಟ್ ಹೇಳ್ತೀರಾ?

ಜಾವಾ ಮೇಷ್ಟ್ರು: ಫಾರಂ 25 ಮೊದಲು. ರೇಟು ಆಮೇಲೆ.

ತುಮಕೂರು ಹುಡುಗ: ಮೇಷ್ಟ್ರೇ, ಪುಣೆಯವರಿಗೆ ಇಲ್ಲ ಅಂದೆ. ಪರಿವಾಹನ್‌ನಲ್ಲಿ ನಂಬರ್ ಹಾಕಿದೆ, ದಾಖಲೆ ಇಲ್ಲ ಅಂತ ಬಂತು.

ಜಾವಾ ಮೇಷ್ಟ್ರು: ಹಾಗಾದ್ರೆ ಸೋಮವಾರ ಮೂಲ ಆರ್‌ಸಿ ಪುಸ್ತಕ, ಪೆನ್ಸಿಲ್ ಅಚ್ಚು ತಗೊಂಡು ಆರ್‌ಟಿಒಗೆ ಹೋಗಿ. ಪುಸ್ತಕ ಯಾರ ಕೈಲೂ ಬಿಟ್ಟು ಬರಬೇಡಿ, ಕೊಟ್ಟರೆ ಸ್ವೀಕೃತಿ ತಗೊಳ್ಳಿ.