ಅವ್ವನ ಟೊಂಕದ ಕೆಳಗೆ ಕೆಂಪಾಗಿದೆ, ಒಬ್ಬನೇ ಹೇಗೆ ಹೊರಳಿಸೋದು?

ಸೇಡಂ_ಹುಡುಗ:

ಶರಣ್ರಿ ಎಲ್ಲರಿಗೂ. ಅವ್ವನಿಗೆ 66 ವಯಸ್ಸು, ಹೋದ ತಿಂಗಳು ಲಕ್ವಾ ಹೊಡೆಯಿತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ 14 ದಿನ ಇದ್ದು ಊರಿಗೆ ಬಂದು ಐದು ದಿನ ಆಯಿತು. ಎಡಗೈ, ಎಡಗಾಲು ಆಡಲ್ಲ. ಊಟಕ್ಕೆ ಮೂಗಿನಲ್ಲಿ ಪೈಪು, ಮೂತ್ರಕ್ಕೆ ಇನ್ನೊಂದು ಪೈಪು. ಡಿಸ್ಚಾರ್ಜ್ ಮಾಡುವಾಗ "ಎರಡು ಗಂಟೆಗೊಮ್ಮೆ ಪೊಸಿಷನ್ ಚೇಂಜ್ ಮಾಡಿ" ಅಂತ ಹೇಳಿ ಚೀಟಿ ಕೈಗಿಟ್ಟರು, ಹೇಗೆ ಅಂತ ಒಬ್ಬರೂ ಮಾಡಿ ತೋರಿಸಲಿಲ್ಲ.

ನಿನ್ನೆ ಮೈ ಒರೆಸುವಾಗ ನೋಡಿದರೆ ಟೊಂಕದ ಕೆಳಗೆ, ಎಲುಬು ತಾಗುವ ಜಾಗದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಕೆಂಪಾಗಿದೆ. ಕಾಕಿ ಇದು ಬಿಸಿಲಿನ ಉಷ್ಣ, ಪೌಡರ್ ಹಾಕಿ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು ಅಂತಾರೆ. ಪಕ್ಕದ ಮನೆಯವರು ಸೈಕಲ್ ಟ್ಯೂಬಿಗೆ ಗಾಳಿ ತುಂಬಿ ತಂದು ಕೊಟ್ಟಿದ್ದಾರೆ, ಅದರ ಮೇಲೆ ಮಲಗಿಸಬೇಕಂತೆ. ಹಗ್ಗದ ಹೊರಸಿನ ಮೇಲೆ ಮಲಗಿಸಿದ್ದೇನೆ, ಹೊರಳಿಸೋಕೆ ಹೋದರೆ ಅವ್ವ ಮತ್ತೆ ನಡುವಿನ ತಗ್ಗಿಗೇ ಜಾರಿ ಬೀಳ್ತಾರೆ. ಹೆಂಡತಿ ಐದು ತಿಂಗಳ ಬಸುರಿ, ಅವಳಿಗೆ ಎತ್ತೋಕೆ ಬಿಡಲ್ಲ. ನಾನೊಬ್ಬನೇ. ಯಾರಾದರೂ ಬಿಡಿಸಿ ಹೇಳಿ.

ಬೀದರ್_ಸಿಸ್ಟರ್:

ತಮ್ಮಾ, ಮೊದಲು ಆ ಟ್ಯೂಬು ವಾಪಸ್ ಕೊಡಿ. ನಡುವೆ ತೂತು ಇರೋದರಿಂದ ಗಾಯಕ್ಕೆ ಏನೂ ತಾಗಲ್ಲ ಅಂತ ಅನ್ನಿಸುತ್ತೆ, ಆದರೆ ಸುತ್ತಲಿನ ಚರ್ಮ ಒತ್ತಿ ಹಿಡಿದು ನಡುವೆ ರಕ್ತ ಬರೋದೇ ಕಡಿಮೆ ಆಗುತ್ತೆ. ತಿಕ್ಕಲೂಬೇಡಿ. ಒಳಗೆ ಮೊದಲೇ ಪೆಟ್ಟಾಗಿರುತ್ತೆ, ಮೇಲಿಂದ ತಿಕ್ಕಿದರೆ ಇನ್ನೂ ಹರಿಯುತ್ತೆ. ಪೌಡರ್ ಬೆವರಿಗೆ ಮುದ್ದೆಯಾಗಿ ಮಡಿಕೆಯಲ್ಲಿ ಕೂರುತ್ತೆ, ಅದೂ ಬೇಡ. ಕಾಕಿಗೆ ಬೇಜಾರು ಮಾಡಬೇಡಿ, ಅವರಿಗೆ ಅಂಗೈ, ಅಂಗಾಲಿಗೆ ಎಣ್ಣೆ ಹಚ್ಚುವ ಕೆಲಸ ಕೊಡಿ.

ಈಗ ಒಂದು ಕೆಲಸ ಮಾಡಿ. ಕೆಂಪಾದ ಜಾಗದ ಮೇಲೆ ಬೆರಳಿಟ್ಟು ಮೂರು ಎಣಿಸುವಷ್ಟು ಹೊತ್ತು ಮೆಲ್ಲಗೆ ಒತ್ತಿ, ಬಿಡಿ. ಬಿಟ್ಟ ತಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ, ಭಾರ ತೆಗೆದರೆ ವಾಸಿಯಾಗುತ್ತೆ. ಬೆಳ್ಳಗಾಗದೆ ಹಾಗೇ ಕೆಂಪಿದ್ದರೆ ಅದು ಬೆಡ್ ಸೋರಿನ, ಅಂದರೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣಿನ, ಮೊದಲ ಹಂತ. ನಮ್ಮ ಕಡೆಯ ಕಪ್ಪು ಮೈಬಣ್ಣಕ್ಕೆ ಕೆಂಪು ಕಾಣೋದೇ ಕಷ್ಟ, ಹಾಗಾಗಿ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಅನಿಸಿದರೂ, ಬಣ್ಣ ಸ್ವಲ್ಪ ಕಡುವಾಗಿದ್ದರೂ ಅದೇ ಅರ್ಥ. ಬೊಬ್ಬೆ ಬಂದರೆ, ಚರ್ಮ ಕಿತ್ತರೆ, ಕಪ್ಪಾದರೆ ಮನೆಮದ್ದು ಬೇಡ, ಆಸ್ಪತ್ರೆಗೆ ತೋರಿಸಿ.

ಹಗ್ಗದ ಹೊರಸಿನ ಮೇಲೆ ಯಾರೂ ಹೊರಳಿಸೋಕಾಗಲ್ಲ, ಅದು ನಿಮ್ಮ ತಪ್ಪಲ್ಲ. ಹಲಗೆಯ ಮಂಚ ತನ್ನಿ, ಮೇಲೆ ಒಳ್ಳೆ ಗಾದಿ ಹಾಕಿ. ಒಂದು ಚಾದರ ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಕೆಳಗೆ ಹಾಸಿ. ಮೇಲಕ್ಕೆ ಸರಿಸಬೇಕಾದಾಗ ಯಾರನ್ನಾದರೂ ಕರೆದು, ಎರಡೂ ಕಡೆಯಿಂದ ಆ ಚಾದರ ಹಿಡಿದು ಎತ್ತಿ ಸರಿಸಿ. ಕಂಕುಳಿಗೆ ಕೈ ಹಾಕಿ ದರದರ ಎಳೆದರೆ ಬೆನ್ನಿನ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಎಲುಬು ಮಾತ್ರ ಮೇಲೆ ಹೋಗುತ್ತೆ. ಎಷ್ಟೋ ಗಾಯ ಆಗೋದೇ ಇದರಿಂದ.

ಹೊರಳಿಸೋದು ಒಬ್ಬರಿಂದಲೇ ಆಗುತ್ತೆ. ಬಲಕ್ಕೆ ಹೊರಳಿಸಬೇಕು ಅಂದರೆ ಅವರ ಬಲಗಡೆ ನಿಲ್ಲಿ. ಅವರೇ ಬಲಗೈಯಿಂದ ಎಡಗೈ ಮಣಿಕಟ್ಟು ಹಿಡಿದು ಎದೆ ಮೇಲೆ ಇಟ್ಟುಕೊಳ್ಳಲಿ. ಎಡ ಮೊಣಕಾಲು ಮಡಚಿ ನಿಲ್ಲಿಸಿ. ಆಮೇಲೆ ನಿಮ್ಮ ಒಂದು ಕೈ ಎಡ ಭುಜದ ಹಿಂದೆ, ಒಂದು ಕೈ ಎಡ ಸೊಂಟದ ಹಿಂದೆ, "ಅವ್ವಾ, ಹೊರಳ್ತೀವಿ" ಅಂತ ಹೇಳಿ ನಿಮ್ಮ ಕಡೆಗೆ ಉರುಳಿಸಿ. ಮಡಚಿದ ಮೊಣಕಾಲೇ ಅರ್ಧ ಕೆಲಸ ಮಾಡುತ್ತೆ, ಶಕ್ತಿ ಜಾಸ್ತಿ ಬೇಡ. ಪೂರ್ತಿ ಮಗ್ಗುಲಿಗೆ ಬೇಡ, ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಒಂದು, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಬೆನ್ನು ನೋಡುವ ಭರದಲ್ಲಿ ಹಿಮ್ಮಡಿ ಮರೆಯೋರು ಬಹಳ.

ಕೆಂಪು ಹೋಗುವವರೆಗೆ ಅಂಗಾತ ಬೇಡ. ಎಡ, ಬಲ, ಎಡ, ಬಲ. ರಾತ್ರಿಯೂ.

ಯಾದಗಿರಿ_ಫಿಸಿಯೋ:

ಸಿಸ್ಟರ್ ಹೇಳಿದ್ದಕ್ಕೆ ಒಂದೇ ಮಾತು ಸೇರಿಸ್ತೀನಿ. ಎಡಗೈ ಹಿಡಿದು ಯಾವತ್ತೂ ಎಳೆಯಬೇಡಿ, ಬಟ್ಟೆ ಹಾಕುವಾಗಲೂ. ಲಕ್ವಾ ಹೊಡೆದ ಕೈಯ ಭುಜದ ಕೀಲು ಹಿಡಿದಿಡುವ ಶಕ್ತಿ ಸ್ನಾಯುಗಳಿಗೆ ಇರಲ್ಲ, ಕೀಲು ಜಾರಿ ಆಮೇಲೆ ತಿಂಗಳುಗಟ್ಟಲೆ ನೋವು. ಕುಪ್ಪಸ ಹಾಕುವಾಗ ಮೊದಲು ಎಡಗೈ, ತೆಗೆಯುವಾಗ ಕೊನೆಗೆ ಎಡಗೈ. ಎಡ ಮಗ್ಗುಲಿಗೂ ಮಲಗಿಸಬಹುದು, ಎಡ ಭುಜ ಮಾತ್ರ ಮೈ ಕೆಳಗೆ ಸಿಕ್ಕಿಕೊಳ್ಳದ ಹಾಗೆ ಸ್ವಲ್ಪ ಮುಂದಕ್ಕೆ ತಂದಿಡಿ.

ಹುಮನಾಬಾದ್_ಅಣ್ಣ:

ನಾನೂ ಇದನ್ನೆಲ್ಲ ಅಪ್ಪನಿಗೆ ಎಂಟು ತಿಂಗಳು ಮಾಡಿದ್ದೇನೆ. ಏರ್ ಬೆಡ್ ಬಾಡಿಗೆಗೆ ತಂದೆ, ದುಡ್ಡು ಕೊಟ್ಟಿದ್ದೀವಲ್ಲ ಇನ್ನು ನಿಶ್ಚಿಂತೆ ಅಂತ ಅದರ ಮೇಲೆ ಪ್ಲಾಸ್ಟಿಕ್ ಶೀಟು, ಎರಡು ಕೌದಿ, ಮೇಲೊಂದು ಚಾದರ ಹಾಸಿದೆ, ಹೊರಳಿಸೋದೂ ಕಡಿಮೆ ಮಾಡಿದೆ. ಹತ್ತು ದಿನಕ್ಕೆ ಗಾಯ. ಡ್ರೆಸ್ಸಿಂಗ್ ಮಾಡೋಕೆ ಬಂದ ಹುಡುಗಿ ಕೌದಿ ಎತ್ತಿ ನೋಡಿ ನಕ್ಕಳು, ಗಾಳಿ ಉಬ್ಬಿ ಇಳಿಯೋದು ನಿಮ್ಮ ಕೌದಿಗೆ ಗೊತ್ತಾಗುತ್ತೆ, ಅಜ್ಜನಿಗೆ ಹೇಗೆ ಗೊತ್ತಾಗಬೇಕು ಅಂದಳು. ತೆಳ್ಳನೆ ಒಂದೇ ಚಾದರ ಇರಲಿ. ಕರೆಂಟ್ ಹೋದಾಗ ಪಂಪ್ ನಿಂತು ಬೆಡ್ ಇಳಿಯುತ್ತೆ, ಬೆಡ್ಡಿನ ಕೆಳಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ ನೋಡಿ, ಟೊಂಕದ ಎಲುಬು ಕೈಗೆ ತಾಗಿದರೆ ಬೆಡ್ ಇದ್ದೂ ಇಲ್ಲದ ಹಾಗೆ.

ಬಿಸಿಲಿಗೆ ಆಗೋದಲ್ಲ ಅನ್ನೋದು ನಿಜ, ಆದರೆ ನಮ್ಮ ಕಡೆ 42, 43 ಡಿಗ್ರಿಯಲ್ಲಿ ಬೆನ್ನು ಒಣಗೋದೇ ಇಲ್ಲ. ಕಾಕಿ ಪೂರ್ತಿ ತಪ್ಪಲ್ಲ ಅಂತ ನನ್ನ ಅನಿಸಿಕೆ.

ಬೀದರ್_ಸಿಸ್ಟರ್:

ಒಪ್ಪಿದೆ ಅಣ್ಣಾ, ಒದ್ದೆ ಚರ್ಮ ಬೇಗ ಕೀಳುತ್ತೆ. ನಾವು ವಾರ್ಡಿನಲ್ಲಿ ಬ್ರೇಡನ್ ಸ್ಕೋರ್ ಅಂತ ಹಾಕ್ತೀವಿ, ಅದರಲ್ಲೂ ಒದ್ದೆತನಕ್ಕೆ ಬೇರೆ ಅಂಕ ಇದೆ. 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬೆಡ್ ಸೋರ್ ಆಗುವ ಅಪಾಯ ಇದೆ ಅಂತ ಲೆಕ್ಕ. ಒರೆಸಿ, ಒತ್ತಿ ಒಣಗಿಸಿ, ತಿಕ್ಕಿ ಅಲ್ಲ.

ಪೈಪುಗಳ ವಿಷಯ ಮರೆತಿದ್ದೆ. ಮೂತ್ರದ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಹೊರಳಿಸುವ ಮೊದಲು ಪೈಪು ಮೈ ಕೆಳಗೆ ಸಿಕ್ಕಿದೆಯಾ ನೋಡಿ. ಬ್ಯಾಗ್ ಮೂರರಲ್ಲಿ ಎರಡು ಪಾಲು ತುಂಬಿದರೆ ಖಾಲಿ ಮಾಡಿ, ಮೊದಲೂ ಆಮೇಲೂ ಕೈ ತೊಳೆಯಿರಿ. ಮುಂದಿನ ಸಲ ತೋರಿಸುವಾಗ "ಮೂತ್ರದ ಪೈಪು ಇನ್ನೂ ಬೇಕಾ" ಅಂತ ನೀವೇ ಕೇಳಿ. ದಿನ ಹೆಚ್ಚಾದಷ್ಟೂ ಸೋಂಕಿನ ಅವಕಾಶ ಹೆಚ್ಚು.

ಮೂಗಿನ ಪೈಪಿನಲ್ಲಿ ಊಟ ಹಾಕುವಾಗ ಬರೀ ತಲೆ ಅಲ್ಲ, ಬೆನ್ನೂ ಸೇರಿ 30ರಿಂದ 45 ಡಿಗ್ರಿ ಎತ್ತರಿಸಿ, ಮುಗಿದ ಮೇಲೂ ಒಂದು ಗಂಟೆ ಹಾಗೇ ಇರಲಿ. ಮೊಣಕಾಲ ಕೆಳಗೆ ಮೊದಲು ದಿಂಬು ಕೊಟ್ಟರೆ ಜಾರಲ್ಲ. ಪೈಪಿನ ಮೇಲೆ ಮೂಗಿನ ಹತ್ತಿರ ಇರುವ ಗುರುತು ಹೊರಗೆ ಬಂದಿದ್ದರೆ ಊಟ ಹಾಕಬೇಡಿ, ಒಳಗೂ ತಳ್ಳಬೇಡಿ. ಕೆಮ್ಮು, ಉಬ್ಬಸ ಶುರುವಾದರೆ ತಕ್ಷಣ ನಿಲ್ಲಿಸಿ, ಉಸಿರಾಟ ಕಷ್ಟ ಆದರೆ 108. ಬಾಯಿಂದ ಉಣ್ಣಲ್ಲ ಅಂತ ಬಾಯಿ ಸ್ವಚ್ಛ ಮಾಡೋದು ಬಿಡಬೇಡಿ, ಎರಡು ಹೊತ್ತೂ ಮೆತ್ತನೆ ಬ್ರಷ್ಷಿನಿಂದ ಉಜ್ಜಿ ಒರೆಸಿ. ಇಲ್ಲದಿದ್ದರೆ ಆ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ.

ಇನ್ನೊಂದು, ತೊಗರಿ ನಾಡಿನವರಾಗಿ ಬೇಳೆ ಕಟ್ಟು ಕೊಡ್ತಾ ಇರ್ತೀರಿ ಅಂತ ಊಹೆ. ಕಟ್ಟಿನಲ್ಲಿ ನೀರೇ ಜಾಸ್ತಿ, ಚರ್ಮ ವಾಸಿಯಾಗೋಕೆ ಬೇಕಾದ ಪ್ರೋಟೀನ್ ಕಡಿಮೆ. ಬೇಳೆಯನ್ನೇ ಮೆತ್ತಗೆ ಬೇಯಿಸಿ, ಅರೆದು, ಸೋಸಿ ಹಾಕಿ. ಊಟ ಹಾಕಿದ ಮೇಲೆ ನೀರು ಹಾಕಿ ಪೈಪು ತೊಳೆಯಿರಿ, ಇಲ್ಲ ಕಟ್ಟಿಕೊಳ್ಳುತ್ತೆ. ಕಿಡ್ನಿ ತೊಂದರೆ ಏನಾದರೂ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ.

ಸೇಡಂ_ಹುಡುಗ:

ಸಿಸ್ಟರ್, ಎಲ್ಲರಿಗೂ ಉಪಕಾರ ಆಯಿತು. ನಾಲ್ಕು ದಿನದ ಮೇಲೆ ಬರೀತಿದ್ದೇನೆ. ಕಾಕಾನ ಮನೆಯಿಂದ ಮಂಚ ತಂದೆ. ಗಿಡ್ಡ ಇತ್ತು, ಬ್ಯಾಗು ನೆಲಕ್ಕೆ ತಾಗುತ್ತಿತ್ತು, ನಾಲ್ಕೂ ಕಾಲಿಗೆ ಇಟ್ಟಂಗಿ ಕೊಟ್ಟು ಎತ್ತರ ಮಾಡಿದ್ದೇನೆ, ನನ್ನ ಟೊಂಕವೂ ಉಳಿಯಿತು. ಬಲಕ್ಕೆ ಹೊರಳಿಸೋದು ಬಂತು. ಎಡಕ್ಕೆ ಅವ್ವನೇ ಬಲಗೈಯಿಂದ ಮಂಚದ ಅಂಚು ಹಿಡಿದು ಅರ್ಧ ತಿರುಗ್ತಾರೆ, ನಾನು ಭುಜ ಮುಂದಕ್ಕೆ ತಂದಿಡೋದಷ್ಟೇ. ರಾತ್ರಿ ಎರಡರ ಅಲಾರಂಗೆ ಬೈಯ್ತಾರೆ, ಮಾತು ಸರಿಯಾಗಿ ಬರಲ್ಲ, ಬೈಗುಳ ಮಾತ್ರ ಸ್ಪಷ್ಟ.

ಇವತ್ತು ಬೆಳಿಗ್ಗೆ ಒತ್ತಿ ನೋಡಿದೆ, ಬೆಳ್ಳಗಾಯಿತು. ಎಡ ಹಿಮ್ಮಡಿ ಸ್ವಲ್ಪ ಬಿಸಿ ಇದೆ ಅನಿಸಿತು, ಅಲ್ಲಿಗೂ ದಿಂಬು ಸರಿ ಮಾಡಿದೆ.

ಬೀದರ್_ಸಿಸ್ಟರ್:

ಇಟ್ಟಂಗಿ ಅಲ್ಲಾಡ್ತಾವಾ ನೋಡಿ, ಆಮೇಲೆ ಹೊರಳಿಸಿ. ಹಿಮ್ಮಡಿ ಸಂಜೆ ಇನ್ನೊಮ್ಮೆ ಮುಟ್ಟಿ ಹೇಳಿ.