ಮೊದಲ ಗಿಟಾರ್ ಯಾವುದು ತಗೊಳ್ಳಲಿ? ರಿಪೇರಿ ಮಾಡುವವರನ್ನು ಕೇಳಿ

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ನನಗೆ 26 ವರ್ಷ. ಸಂಗೀತ ಕಲಿತಿಲ್ಲ, ಆದರೆ ಚೆನ್ನಾಗಿ ಹಾಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಭಾವಗೀತೆ, ಹಳೇ ಸಿನಿಮಾ ಹಾಡುಗಳನ್ನು ನಾನೇ ಗಿಟಾರ್ ನುಡಿಸಿಕೊಂಡು ಹಾಡಬೇಕು ಅಂತ ತುಂಬಾ ದಿನದ ಆಸೆ. 10 ಸಾವಿರ ಕೂಡಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ 2,500ಕ್ಕೆ 38 ಇಂಚಿನದು ಸಿಗುತ್ತದೆ, ಬ್ಯಾಗು, ಪಿಕ್ಕು, ಬೆಲ್ಟು ಎಲ್ಲ ಸೇರಿ. ಗೆಳತಿ ಯಮಹಾ ಎಫ್310 ತಗೋ ಅಂತಾಳೆ. ಅಂಗಡಿಯವರು ನೈಲಾನ್ ತಂತಿಯದು ತಗೊಳ್ಳಿ, ಬೆರಳು ನೋಯಲ್ಲ ಅಂದರು. ತಲೆ ಕೆಟ್ಟು ಹೋಗಿದೆ. ಯಾವುದು ತಗೊಳ್ಳಲಿ?

ಉತ್ತರ:
ನಮಸ್ಕಾರ. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ, ಸೆಟಪ್ (ತಂತಿಯ ಎತ್ತರ ಎಲ್ಲ ಸರಿ ಹೊಂದಿಸುವುದು) ಮಾಡುವ ಕೆಲಸ ನನ್ನದು. ಯಾರೋ ಕಲಿಯೋಕೆ ಹೊರಟು ಅರ್ಧಕ್ಕೆ ಬಿಟ್ಟ ಗಿಟಾರ್‌ಗಳು ನನ್ನ ಹತ್ತಿರ ತುಂಬಾ ಬರುತ್ತವೆ. ಅಕ್ಕ ಬಿಟ್ಟಿದ್ದನ್ನು ತಮ್ಮ ತರುತ್ತಾನೆ, ಅಟ್ಟದಿಂದ ಇಳಿಸಿ ಧೂಳು ಒರೆಸಿಕೊಂಡು. ತೆಗೆದು ನೋಡಿದರೆ ಅನೇಕ ಸಲ ಒಂದೇ ಕಥೆ: ತಂತಿ ಫ್ರೆಟ್‌ನಿಂದ (ಹಿಡಿಕೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಎಷ್ಟೋ ಮೇಲಿರುತ್ತದೆ, ಅಂಥದ್ದನ್ನು ಒತ್ತೋಕೆ ನನಗೇ ಕಷ್ಟ, ಇನ್ನು ಹೊಸಬರ ಬೆರಳಿಗೆ ಹೇಗಾಗಬೇಡ. ಅವರಿಗೆ ಸಂಗೀತ ಬರಲಿಲ್ಲ ಅಂತ ಮನೆಯವರು ಅಂದುಕೊಂಡಿರುತ್ತಾರೆ. ಗಿಟಾರ್ ಸರಿ ಇರಲಿಲ್ಲ ಅಂತ ಯಾರೂ ಹೇಳಿರುವುದಿಲ್ಲ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಹಾಗಾಗಿ ಬ್ರ್ಯಾಂಡ್‌ಗಿಂತ ಮೊದಲು ತಂತಿಯ ಎತ್ತರ ನೋಡಿ. ಇದಕ್ಕೆ ಆ್ಯಕ್ಷನ್ ಅಂತಾರೆ. ಅಂಗಡಿಗೆ ಹೋಗುವಾಗ ಒಂದು ಸ್ಟೀಲ್ ಸ್ಕೇಲ್ ತಗೊಂಡು ಹೋಗಿ. ಪ್ಲಾಸ್ಟಿಕ್ಕಿನದು ಬೇಡ, ಅದರಲ್ಲಿ ಸೊನ್ನೆಗೆ ಮೊದಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಹನ್ನೆರಡನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ, ಅತಿ ದಪ್ಪ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ. ಸುಮಾರು 2.5 ಮಿಲಿಮೀಟರ್ ಇದ್ದರೆ ಚೆನ್ನಾಗಿದೆ. ಅತಿ ತೆಳು ತಂತಿಗೆ 2 ಸಾಕು. 4 ಮಿಲಿಮೀಟರ್ ಇದ್ದರೆ ಆ ಪೀಸ್ ಬೇಡ, ಇನ್ನೊಂದು ತೆಗೆಸಿ. ಒಂದೇ ಮಾಡೆಲ್‌ನ ಎರಡು ಗಿಟಾರ್ ಬೇರೆ ಬೇರೆ ಥರ ಇರುತ್ತವೆ, ಅದಕ್ಕೇ ಅಂಗಡಿಗೆ ಹೋಗಿ ಅಂತ ಹೇಳುತ್ತಿರುವುದು.

2,500ರ 38 ಇಂಚಿನದು ಬೇಡ. ಆ ಬೆಲೆಯ ಎಷ್ಟೋ ಗಿಟಾರ್‌ಗಳ ನೆಕ್ (ಉದ್ದ ಹಿಡಿಕೆ) ಒಳಗೆ ಟ್ರಸ್ ರಾಡ್ ಇರುವುದೇ ಇಲ್ಲ. ಟ್ರಸ್ ರಾಡ್ ಅಂದರೆ ನೆಕ್ ಉದ್ದಕ್ಕೂ ಒಳಗೆ ಇರುವ ಕಬ್ಬಿಣದ ಸರಳು. ಸ್ಟೀಲ್ ತಂತಿ ಆರೂ ಸೇರಿ ಸುಮಾರು 70 ಕಿಲೋ ಬಲದಲ್ಲಿ ನೆಕ್ ಅನ್ನು ಎಳೆಯುತ್ತಿರುತ್ತವೆ. ಒಂದು ಆಳಿನ ತೂಕ, ಹಗಲೂ ರಾತ್ರಿ. ಸರಳು ಇದ್ದರೆ ನೆಕ್ ಬಾಗಿದಾಗ ಒಂದು ಕೀ ಹಾಕಿ ತಿರುಗಿಸಿ ಸರಿ ಮಾಡಬಹುದು. ಇಲ್ಲದಿದ್ದರೆ ನಾನೂ ಜಾಸ್ತಿ ಏನೂ ಮಾಡಲಾರೆ, 2,500ರ ಗಿಟಾರ್‌ಗೆ ಅಷ್ಟೇ ದುಡ್ಡಿನ ರಿಪೇರಿ ಹೇಳೋಕೆ ಮನಸ್ಸೂ ಬರಲ್ಲ.

ನೈಲಾನ್ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಎಳೆತ ಸುಮಾರು 40 ಕಿಲೋ ಅಷ್ಟೇ, ಬೆರಳಿಗೆ ಹಿತ. ಆದರೆ ಅದರ ನೆಕ್ ಅಗಲ. ತಲೆಯ ಹತ್ತಿರ ಸುಮಾರು 52 ಮಿಲಿಮೀಟರ್ ಇರುತ್ತದೆ, ಎಫ್310ರಲ್ಲಿ 43. ಕೈ ಚಿಕ್ಕದಿದ್ದವರಿಗೆ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶಾಸ್ತ್ರೀಯ ಪಾಶ್ಚಾತ್ಯ ಗಿಟಾರ್ ಕಲಿಯೋದಾದರೆ, ಲಂಡನ್ನಿನ ಟ್ರಿನಿಟಿ ಸಂಸ್ಥೆಯ ಕ್ಲಾಸಿಕಲ್ ಗಿಟಾರ್ ಪರೀಕ್ಷೆ ಕಟ್ಟೋದಾದರೆ ನೈಲಾನೇ ಬೇಕು. ನೀವು ಕೇಳಿರುವುದು ಹಾಡಿಗೆ ಸ್ಟ್ರಮ್ ಮಾಡೋಕೆ (ತಂತಿಗಳನ್ನು ಒಟ್ಟಿಗೆ ಮೀಟೋಕೆ). ಅದಕ್ಕೆ ಸ್ಟೀಲ್ ತಂತಿಯ ಆ ಹೊಳೆಯುವ ದನಿ ಚೆಂದ. ಮೊದಲ ಮೂರ್ನಾಲ್ಕು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ದಿನಾ ಹದಿನೈದು ನಿಮಿಷ ಕೂತರೆ ಸಾಕು, ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಸೋಮವಾರ ಮುಟ್ಟೋಕಾಗಲ್ಲ.

ಎಫ್310 ಒಳ್ಳೆಯ ಗಿಟಾರ್. ಆದರೆ ಅದು ಡ್ರೆಡ್‌ನಾಟ್, ದೊಡ್ಡ ಮೈ. (ಆ ಆಕಾರಕ್ಕೆ ಬ್ರಿಟಿಷರ ಒಂದು ಯುದ್ಧನೌಕೆಯ ಹೆಸರೇ ಬಂದಿದೆ ಅಂದರೆ ನೋಡಿ.) ತೊಡೆ ಮೇಲಿಟ್ಟು ಕೂತಾಗ ಬಲ ಭುಜ ಮೇಲಕ್ಕೆ ಎದ್ದರೆ ನಿಮಗೆ ಅದು ದೊಡ್ಡದಾಯಿತು. ಆಗ ಎಫ್‌ಎಸ್80ಸಿ ಥರದ ಚಿಕ್ಕ ಮೈಯದು ನೋಡಿ. 10 ಸಾವಿರವನ್ನೂ ಗಿಟಾರ್‌ಗೇ ಸುರಿಯಬೇಡಿ. ಎಂಟರ ಸುತ್ತ ನಿಲ್ಲಿಸಿ, ಉಳಿದಿದ್ದರಲ್ಲಿ ಒಂದು ಸೆಟಪ್ ಮಾಡಿಸಿ, ಒಂದು ಕೇಪೋ (ಆರೂ ತಂತಿಗಳನ್ನು ಒಂದು ಫ್ರೆಟ್ ಹತ್ತಿರ ಒತ್ತಿ ಹಿಡಿಯುವ ಕ್ಲಿಪ್ಪು) ತಗೊಳ್ಳಿ. ಟ್ಯೂನರ್‌ಗೆ ಫೋನಿನ ಆ್ಯಪ್ ಸಾಕು.

ಕೇಪೋ ಯಾಕೆ ಅಂದರೆ, ನೀವು ಹಾಡುವವರು. ನಿಮ್ಮ ಶ್ರುತಿ ಐದೂವರೆ ಅಂತ ಇಟ್ಟುಕೊಳ್ಳಿ, ಅಂದರೆ ಜಿ ಶಾರ್ಪ್. ಒಂದನೇ ಫ್ರೆಟ್‌ಗೆ ಕೇಪೋ ಹಾಕಿ ಸುಲಭವಾದ ಜಿ, ಸಿ, ಡಿ ಕಾರ್ಡ್ ಆಕಾರಗಳನ್ನೇ ಹಿಡಿದರೆ ಆಯ್ತು. ಶ್ರುತಿ ಆರು ಆದರೆ ಎರಡನೇ ಫ್ರೆಟ್. ಗಂಟಲನ್ನು ಗಿಟಾರ್‌ಗೆ ಬಗ್ಗಿಸಬೇಕಾಗಿಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ):
ಸರ್, ನಾನು ಆಗಲೇ ತಗೊಂಡಾಗಿದೆ. ಆರು ತಿಂಗಳಾಯಿತು, ಎಫ್ ಕಾರ್ಡ್ ಬರುತ್ತಲೇ ಇಲ್ಲ. ಕೈಯಲ್ಲಿ ಬಲ ಇಲ್ಲ ಅಂತ ನಮ್ಮ ಮೇಷ್ಟ್ರು ಅಂತಾರೆ. ಬಿಟ್ಟುಬಿಡೋಣ ಅನಿಸುತ್ತಿದೆ.

ಉತ್ತರ:
ಬಿಡಬೇಡಿ. ಒಂದು ಪರೀಕ್ಷೆ ಮಾಡಿ. ಒಂದನೇ ಫ್ರೆಟ್‌ಗೆ ಕೇಪೋ ಹಾಕಿ, ಅದರ ಮುಂದೆ ಅದೇ ಎಫ್ ಆಕಾರ ಹಿಡಿಯಿರಿ. ಈಗ ಥಟ್ಟನೆ ಸುಲಭ ಆಯಿತಾ? ಹಾಗಾದರೆ ದೋಷ ನಿಮ್ಮ ಕೈದಲ್ಲ, ನಟ್‌ದು. ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿ ಇದೆಯಲ್ಲ, ಅದರ ಕಚ್ಚುಗಳನ್ನು ಕಾರ್ಖಾನೆಯಲ್ಲಿ ಆಳ ಕೊರೆಯದೆ ಬಿಟ್ಟಿರುತ್ತಾರೆ. ಜಾಸ್ತಿ ಕೊರೆದರೆ ತಂತಿ ಝರ್ ಅನ್ನುತ್ತದೆ, ಕಡಿಮೆ ಕೊರೆದರೆ ಸದ್ದೇನೂ ಬರಲ್ಲ, ಹೊಸಬರ ಬೆರಳು ಮಾತ್ರ ನೋಯುತ್ತದೆ. ಎಫ್ ಕಾರ್ಡ್ ನಟ್‌ಗೆ ಅಂಟಿಕೊಂಡೇ ಇರುವುದರಿಂದ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಅದಕ್ಕೇ. ಇನ್ನೊಂದು ರೀತಿಯಲ್ಲೂ ನೋಡಬಹುದು: ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿಯಿರಿ, ಒಂದನೇ ಫ್ರೆಟ್ ಮೇಲೆ ಒಂದು ಹಾಳೆ ತೂರುವಷ್ಟು ಸಂದು ಇದ್ದರೆ ಸಾಕು. ನಿಮ್ಮದರಲ್ಲಿ ವಿಸಿಟಿಂಗ್ ಕಾರ್ಡೇ ತೂರುತ್ತಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ. ನೀವೇ ಅರ ಹಾಕಿ ಉಜ್ಜಬೇಡಿ, ಒಂದು ಸಲ ಆಳ ಆಯಿತು ಅಂದರೆ ಹೊಸ ನಟ್ಟೇ ಹಾಕಬೇಕು. ಜೊತೆಗೆ 10 ಗೇಜಿನ (ಗೇಜ್ ಅಂದರೆ ತಂತಿಯ ದಪ್ಪ) ತೆಳು ತಂತಿ ಹಾಕಿಸಿ, 12ಕ್ಕಿಂತ ಒತ್ತೋಕೆ ಹಗುರ. ಮೇಷ್ಟ್ರಿಗೂ ಒಮ್ಮೆ ನಿಮ್ಮ ಗಿಟಾರ್ ಕೊಟ್ಟು ಅದೇ ಎಫ್ ಹಿಡಿಯೋಕೆ ಹೇಳಿ, ಅವರಿಗೂ ಗೊತ್ತಾಗುತ್ತದೆ.

ಪ್ರಶ್ನೆ (ಮಂಗಳೂರಿನಿಂದ):
ಮಗಳಿಗೆ ಎಂಟು ವರ್ಷ. ದೊಡ್ಡದನ್ನೇ ಕೊಡಿಸಿದರೆ ಮುಂದಕ್ಕೂ ಆಗುತ್ತೆ ಅಲ್ವಾ?

ಉತ್ತರ:
ದೊಡ್ಡ ಚಪ್ಪಲಿ ಹಾಕಿಸಿ ಓಡು ಅಂದ ಹಾಗಾಗುತ್ತದೆ. ಅರ್ಧ ಅಳತೆಯದ್ದೋ ಮುಕ್ಕಾಲು ಅಳತೆಯದ್ದೋ ನೈಲಾನ್ ತಂತಿಯದು ಕೊಡಿಸಿ. ಮಗುವಿನ ಕೈಯಲ್ಲಿಟ್ಟು ನೋಡಿ, ಎಡಗೈ ಪೂರ್ತಿ ಚಾಚದೆ ಒಂದನೇ ಫ್ರೆಟ್ ಮುಟ್ಟಬೇಕು. ನೈಲಾನ್ ಗಿಟಾರ್‌ಗೆ ಯಾವತ್ತೂ ಸ್ಟೀಲ್ ತಂತಿ ಹಾಕಬೇಡಿ, ಬ್ರಿಡ್ಜ್ (ಮೈ ಮೇಲೆ ತಂತಿ ಕಟ್ಟುವ ಪಟ್ಟಿ) ಕಿತ್ತು ಬರುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಗೋಡೆಗೆ ಒರಗಿಸಿ ಇಡಬೇಡಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಪ್ರಶ್ನೆ (ಮೈಸೂರಿನಿಂದ):
ಹನ್ನೆರಡು ವರ್ಷದಿಂದ ವೀಣೆ ನುಡಿಸುತ್ತೇನೆ. ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಬೇಕು ಅಂತಿದೆ. ನಾನೂ ಎಫ್310 ತಗೊಳ್ಳಲಾ?

ಉತ್ತರ:
ನಿಮಗೆ ಅದು ಬೇಡ. ನೀವು ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಎರಡು ಮೂರು ಸ್ವರ ಮೇಲಕ್ಕೆ ಹೋಗುತ್ತೀರಿ, ಗಮಕದ ಜೀವವೇ ಅಲ್ಲಿದೆ. ಅಕೌಸ್ಟಿಕ್ ಗಿಟಾರಿನ 12 ಗೇಜ್ ತಂತಿಯನ್ನು ಒಂದು ಸ್ವರ ಎಳೆಯೋಕೇ ಬೆರಳು ಸೋಲುತ್ತದೆ. ಮೂರನೇ ತಂತಿಗೆ ತಾಮ್ರದ ಮಿಶ್ರಲೋಹದ ಸುತ್ತು ಬೇರೆ ಇರುತ್ತದೆ, ಅದು ಇನ್ನೂ ಬಿಗಿ. ಎಲೆಕ್ಟ್ರಿಕ್ ಗಿಟಾರ್ ತಗೊಂಡು 9 ಗೇಜ್ ತಂತಿ ಹಾಕಿ. ಮೂರನೇ ತಂತಿ ಸುತ್ತಿಲ್ಲದೆ ಬರಿ ತಂತಿಯಾಗಿರುತ್ತದೆ, ಎಳೆಯೋಕೂ ಜಾರಿಸೋಕೂ ಸಲೀಸು, ನಾದವೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಆರ್. ಪ್ರಸನ್ನ ಅವರು ಎಲೆಕ್ಟ್ರಿಕ್ ಗಿಟಾರ್‌ನಲ್ಲೇ ಕರ್ನಾಟಕ ಸಂಗೀತ ನುಡಿಸುತ್ತಾರೆ, ಕೇಳಿ ನೋಡಿ. ಇನ್ನು ಗಿಟಾರನ್ನೇ ಮಾರ್ಪಡಿಸಿ ಮಾಡಿದ ವಿಶ್ವಮೋಹನ ಭಟ್ಟರ ಮೋಹನ ವೀಣೆಯ ದಾರಿ ಬೇರೆ. ಅದನ್ನು ಮಡಿಲಲ್ಲಿ ಮಲಗಿಸಿ ಲೋಹದ ಕೋಲು ಜಾರಿಸಿ ನುಡಿಸುತ್ತಾರೆ, ಅಲ್ಲಿ ತಂತಿ ಎತ್ತರವೇ ಬೇಕು. ನಾನು ಮೇಲೆ ಹೇಳಿದ ಅಳತೆ ಅದಕ್ಕೆ ನಡೆಯಲ್ಲ.

ಮತ್ತೆ ದಾವಣಗೆರೆಯಿಂದ:
ಸರ್, ಇವತ್ತು ಅಂಗಡಿಗೆ ಸ್ಕೇಲ್ ತಗೊಂಡೇ ಹೋಗಿದ್ದೆ. ಮೊದಲ ಪೀಸ್ 3.5 ಬಂತು, ಇನ್ನೊಂದು ತೆಗೆಸಿದೆ, 2.5. ಭುಜ ಏಳುತ್ತಿತ್ತು, ಚಿಕ್ಕ ಮೈಯದನ್ನೇ ಆರಿಸಿದ್ದೇನೆ. ನಾಳೆ ದುಡ್ಡು ಕೊಟ್ಟು ತರುತ್ತೇನೆ. ಇನ್ನೇನಾದರೂ ನೋಡಬೇಕಾ?

ಉತ್ತರ:
ತುಂಬಾ ಖುಷಿಯಾಯಿತು. ದುಡ್ಡು ಕೊಡುವ ಮೊದಲು ಐದು ನಿಮಿಷ ಕೂತು ಆರೂ ತಂತಿಗಳನ್ನು ಪ್ರತಿ ಫ್ರೆಟ್‌ನಲ್ಲೂ ಒಂದೊಂದು ಸಲ ಮೀಟಿ, ಎಲ್ಲೂ ಝರ್ ಅನ್ನಬಾರದು, ಸ್ವರ ಸತ್ತ ಹಾಗೆ ನಿಲ್ಲಬಾರದು. ನೆಕ್ಕಿನ ಅಂಚಿನುದ್ದಕ್ಕೂ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚಬಾರದು. ಆಮೇಲೆ ಟ್ಯೂನರ್ ಆ್ಯಪ್ ತೆರೆದು ಒಂದೊಂದು ತಂತಿಯನ್ನೂ ಶ್ರುತಿ ಮಾಡಿ, ಅದೇ ತಂತಿಯನ್ನು ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಮುಳ್ಳು ಮತ್ತೆ ನಡುವಿಗೇ ಬರಬೇಕು. ಅಷ್ಟು ಸರಿ ಇದ್ದರೆ ತಂದುಬಿಡಿ. ತಂದ ಮೇಲೆ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಸೆಟಪ್ ಈಗಲೇ ಬೇಡ, ಎರಡು ವಾರ ನಿಮ್ಮ ಮನೆ ಹವೆಗೆ ಹೊಂದಿಕೊಳ್ಳಲಿ, ಆಮೇಲೆ ಮಾಡಿಸಿ.